ಆಡುಸೋಗೆಯ ಮರೆ

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಗುರು ಮಹಾಂತಯ್ಯನವರು ಜಗಲಿಯ ಮೇಲೆ ಕೂತಿರುತ್ತಿದ್ದರು. ಶಿಷ್ಯ ನಾಗಭೂಷಣ ತೋಟದ ಆ ತುದಿಗೆ, ಬಿಲ್ವದ ಬುಡದಲ್ಲಿ. ಶಿವನ ಕೃಪೆ, ಇಬ್ಬರಿಗೂ ಅಂಬಲಿಗೆ ಕೊರತೆಯಿರಲಿಲ್ಲ.

ನಾಗಭೂಷಣನಿಗಿದ್ದ ಕೊರತೆ ಒಂದೇ, ಜಪ ನೆಲೆ ನಿಲ್ಲುತ್ತಿರಲಿಲ್ಲ. "ಜಪ ತಾನಾಗಿ ನಡೆಯುವ ದಿನ ಬರಲಿ, ಮುಂದಿನ ಉಪದೇಶ ಆಗ," ಎಂದಿದ್ದರು ಗುರುಗಳು. ಆ ದಿನಕ್ಕಾಗಿ ಅವನು ಹಂಬಲಿಸುತ್ತಿದ್ದ.

ಆದರೆ ತೋಟದ ಮಗ್ಗುಲಲ್ಲೇ ಹೊಳೆಯ ದಾರಿ. ಬಟ್ಟೆಯ ಗಂಟು ಹೊತ್ತ ಹೆಂಗಸರ ಮಾತು, ನಗು. ಒಬ್ಬರು ಹಾದುಹೋದರೆ ಅವನ ಕಣ್ಣು ತೆರೆಯುತ್ತಿತ್ತು. ಕಣ್ಣು ತೆರೆದರೆ ನಾಮ ಜಾರುತ್ತಿತ್ತು.

"ಗುರುಗಳೇ, ದಾರಿಯುದ್ದಕ್ಕೂ ಗಿಡ ಹಚ್ಚಿ ಮರೆ ಮಾಡಲೇ?"

"ಮಾಡು. ಯಾವ ಗಿಡ?"

"ಬೇಸಿಗೆಯಲ್ಲೂ ಎಲೆ ಉದುರಬಾರದು. ಆಡು ಮೇಯಬಾರದು. ದಾಸವಾಳ ಹಚ್ಚಿದರೆ ಹೂವಿಗೆ ಜನ ಬರುತ್ತಾರೆ. ಮದರಂಗಿ ಹಚ್ಚಿದರೆ ಹುಡುಗಿಯರು!"

ಗುರುಗಳು ನಕ್ಕರು. "ಹಾಗಾದರೆ ಆಡುಸೋಗೆ ಹಚ್ಚು. ವರ್ಷವೆಲ್ಲ ಹಸಿರು. ಆಡು ಮೂಸಿ ನೋಡಿ ಮುಂದೆ ಹೋಗುತ್ತದೆ."

ಮೊದಲ ಮಳೆಗೆ, ಜಗಲಿಯಿಂದ ಬಿಲ್ವದವರೆಗೂ ಕಡ್ಡಿ ಊರಿದ. ಗಿಡ ಎದೆಮಟ್ಟ ಬಂತು. ಆಮೇಲೆ ಚಳಿ ಬಂತು, ಚಳಿಯ ಬೆನ್ನಿಗೆ ಊರಿಗೆಲ್ಲ ಕೆಮ್ಮು.

"ಸ್ವಾಮ್ಯಾರ, ಮೊಮ್ಮಗಳಿಗೆ ಕೆಮ್ಮು ಹತ್ತೇತ್ರಿ. ಕಷಾಯಕ್ಕ ನಾಕು ಕುಡಿ ಚಿವುಟಿಕೊಳ್ಳಲೇನ್ರಿ?"

ಬೇಲಿಯಾಚೆ ಕೆಂಚವ್ವ, ದಿನಾ ಹೊಳೆಗೆ ಬರುವ ಮುದುಕಿ.

"ಬೇಡ ಯವ್ವಾ. ಇವತ್ತು ನೀನು, ನಾಳೆ ಊರೆಲ್ಲ. ನನ್ನ ಮರೆಯೇ ಹರಿದುಹೋಗುತ್ತದೆ."

"ಮರೆಯಾಗ ಕೂತು ಇಷ್ಟ ಸಿಟ್ಟ ಮಾಡಿದ್ರ ಶಿವಗ ಕೇಳಸಂಗಿಲ್ಲೇನ್ರಿ?" ಎನ್ನುತ್ತ ಮುದುಕಿ ಜಗಲಿಯ ಕಡೆ ನಡೆದಳು.

"ಕೊಯ್ಕೋ ಯವ್ವಾ," ಎಂದರು ಗುರುಗಳು.

ಅಂದಿನಿಂದ ಊರವರೆಲ್ಲ ಜಗಲಿಯ ಕಡೆಯೇ ಕೊಯ್ದರು. ನಾಗಭೂಷಣ ತನ್ನ ಕಡೆ ಒಂದೆಲೆಯನ್ನೂ ಮುಟ್ಟಗೊಡಲಿಲ್ಲ.

ಇನ್ನೊಂದು ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಜಪಕ್ಕೆ ಕೂತವನಿಗೆ ದಾರಿಯಲ್ಲಿ ಹೋಗುವವರ ಕಾಲು, ಸೀರೆಯ ಅಂಚು, ಹಿಂದೆ ಬಂದ ನಾಯಿ, ಎಲ್ಲ ಕಂಡವು. ಗಿಡಗಳು ಎಲೆಯನ್ನೆಲ್ಲ ತಲೆಯ ಮೇಲೆ ಹೊತ್ತು ಏರಿಬಿಟ್ಟಿದ್ದವು. ಕೆಳಗೆ ಬರೀ ಕಡ್ಡಿ.

ಎದ್ದು ಹೋಗಿ ಜಗಲಿಯ ಕಡೆಯ ಬೇಲಿ ನೋಡಿದ. ಚಿವುಟಿದಲ್ಲೆಲ್ಲ ಕವಲೊಡೆದು, ಬುಡದಿಂದಲೇ ದಟ್ಟ. ಇಲಿ ನುಸುಳಲೂ ಸಂದಿಲ್ಲ.

"ಗುರುಗಳೇ, ಕಡ್ಡಿ ಒಂದೇ ಗಿಡದ್ದು. ನೀರೆರೆದವನೂ ನಾನೇ. ನನ್ನ ಕಡೆ ಯಾಕೆ ಬೋಳಾಯಿತು?"

"ಹೋಗಿ ಜಪಕ್ಕೆ ಕೂತುಕೋ," ಎಂದರು ಗುರುಗಳು.

ಅವನು ಕೂತು ನಾಮ ಹಿಡಿದ. ಸ್ವಲ್ಪ ಹೊತ್ತಿಗೆ ಕೆಂಚವ್ವ ಬಂದಳು.

"ಯವ್ವಾ, ಇವತ್ತು ಆ ತುದಿಗೆ ಹೋಗಿ ಕೊಯ್ಕೋ," ಎಂಬ ಗುರುಗಳ ಮಾತು ಅವನಿಗೆ ಕೇಳಿಸಿತು.

"ಬ್ಯಾಡ್ರಿ ಅಜ್ಜಾರ. ಆಡು ಈ ಗಿಡ ಬಿಟ್ಟೀತು, ಆ ಸ್ವಾಮಿ ನಮ್ಮನ್ನ ಬಿಡಂಗಿಲ್ಲ."

ನಾಗಭೂಷಣನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಮಾಲೆಯನ್ನು ಬಿಲ್ವದ ಕೊಂಬೆಗೆ ಹಾಕಿ ಎದ್ದ. ಬಾ ಎಂದು ಕೈಬೀಸಿದ.

ಕುಡಿಗಳು ಮುದುಕಿಯ ಕೈಗೆ ಎಟುಕುತ್ತಿರಲಿಲ್ಲ. ಒಂದು ಕೊಂಬೆ ಬಗ್ಗಿಸಿ ಕೊಟ್ಟ. ಎಲೆ ತಗ್ಗಿದ ಕಡೆ ಅವಳ ಸುಕ್ಕುಮುಖ ಕಂಡಿತು. ಮೊಮ್ಮಗಳು ಆರಾಮಾಗಿದ್ದು, ಈಗ ಕೆಮ್ಮು ತನಗೇ ಅಂಟಿದ್ದು, ಸೊಸೆ ಬೆಲ್ಲ ಕೊಡದೆ ಬರೀ ಕಷಾಯ ಕುಡಿಸುವುದು, ಎಲ್ಲ ಹೇಳಿದಳು. ಅವಳು ಮಾತಾಡುತ್ತಲೇ ಇದ್ದಳು, ಅವನು ಬಗ್ಗಿಸುತ್ತಲೇ ಇದ್ದ. ಅವಳ ಉಡಿ ತುಂಬಿತು.

"ನಿಮ್ಮ ಜಪ ಕೈಗೂಡಲ್ರಿ," ಎಂದು ಹರಸಿ ಹೋದಳು.

ಸಂಜೆ ದೀಪ ಹಚ್ಚಿ ಗುರುಗಳ ಪಾದಕ್ಕೆರಗಿದ.

"ತಪ್ಪಾಯಿತು, ಗುರುಗಳೇ. ಕೆಂಚವ್ವನಿಗೆ ಕೊಂಬೆ ಹಿಡಿಯಲು ಎದ್ದೆ. ಇವತ್ತೂ ಜಪ ನಡುವೆಯೇ ನಿಂತಿತು."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ನಿಂತಿತೇ? ಕೊಂಬೆ ಹಿಡಿದಷ್ಟು ಹೊತ್ತೂ ನಿನ್ನ ತುಟಿ ಆಡುತ್ತಿದ್ದುದನ್ನು ನಾನು ಇಲ್ಲಿಂದಲೇ ನೋಡಿದೆನಲ್ಲ, ತಮ್ಮಾ."