ಸಂಜೆ ಹೂವಿಗೆ ಬರುವವರು

ಮಠದ ಸಂಜೆ ಶಾಲೆಗೆ ಬೀಗ ಹಾಕಿದ್ದು ತಪ್ಪು. ಹಾಕಿದವನು ಶಿಷ್ಯ ಗುರುಪಾದಯ್ಯ. ಕಲ್ಲುಕ್ವಾರಿಯಲ್ಲಿ ಹೊತ್ತು ಮುಳುಗುವ ತನಕ ದುಡಿದು ಅಕ್ಷರ ಕಲಿಯಲು ಬರುತ್ತಿದ್ದವರ ಮೈಯ ದೂಳು ಜಮಖಾನಕ್ಕೆ ಮೆತ್ತುತ್ತದೆ ಎಂಬುದೇ ಅವನ ಕಾರಣ. ಗುರುಗಳು ಕರೆಸಿ ಕೇಳಿದಾಗಲೂ ಅವನು ಅಳುಕಲಿಲ್ಲ.

“ಹಗಲು ಬರುವ ಮಕ್ಕಳಿದ್ದಾರಲ್ಲ ಬುದ್ಧಿ. ಕತ್ತಲಾದ ಮೇಲೆ ಬರುವವರಿಂದ ಮಠಕ್ಕೆ ಆಗಬೇಕಾದ್ದೇನು?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹೆಂಡತಿ ತೀರಿಕೊಂಡಿದ್ದಳು. ಅವಳು ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದಿದ್ದ ಸೋರೆಯ ತಳಿ ಊರಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ವರ್ಷವರ್ಷವೂ ಒಂದು ಕಾಯನ್ನು ಬಳ್ಳಿಯಲ್ಲೇ ಬಲಿಯಲು ಬಿಟ್ಟು ಬೀಜ ಉಳಿಸುತ್ತಿದ್ದಳು. ಅವಳಿಲ್ಲದ ಮೊದಲ ವರ್ಷ, ಮಿಕ್ಕಿದ್ದ ಬೀಜವನ್ನೆಲ್ಲ ರೈತ ಹಿತ್ತಲಲ್ಲಿ ಊರಿದ. ಬಳ್ಳಿ ಚಪ್ಪರ ತುಂಬಿತು. ಹೊತ್ತು ಇಳಿದಾಗ ಬಿಳಿ ಹೂವು ಅರಳಿತು. ಎಲೆಗಳಲ್ಲಿ ತೂತುಗಳೂ ಕಂಡವು. ಪತಂಗ ಇಟ್ಟ ಮೊಟ್ಟೆಯಿಂದ ಬಂದ ಹುಳು ತಿಂದದ್ದು ಎಂದು ಯಾರೋ ಹೇಳಿದರು. ಹೆಂಡತಿಯ ಮೈಯನ್ನೇ ತಿಂದಂತೆ ರೈತನಿಗೆ ಅನಿಸಿತು. ಚಪ್ಪರದಡಿ ನೀರಿನ ಬೋಗುಣಿ ಇಟ್ಟು, ಅದರ ಮೇಲೆ ಲಾಂದ್ರ ತೂಗುಹಾಕಿದ. ದಿನಾ ಬೆಳಿಗ್ಗೆ ಬೋಗುಣಿ ತುಂಬ ಪತಂಗಗಳ ಹೆಣ. ಎಲೆ ಹಸನಾಯಿತು. ಹೀಚುಗಳು ಮಾತ್ರ ಹಳದಿಯಾಗಿ ಒಂದೊಂದೇ ಉದುರಿದವು. ನೀರು ಹಾಕಿದ, ಗೊಬ್ಬರ ಹಾಕಿದ, ಒಂದೂ ನಿಲ್ಲಲಿಲ್ಲ.

ಕೊನೆಯ ಹೂವು ಉದುರಿದ ಮೇಲೆ ನಾದಿನಿ ಬಂದಳು. ತವರಿನಲ್ಲಿ ಆ ತಳಿ ಅಳಿದುಹೋಗಿತ್ತು. ಅಕ್ಕನ ಬೀಜ ನಾಲ್ಕಾದರೂ ಕೊಡಿ ಎಂದಳು. ರೈತ ಕಾಯಿಯೊಂದೂ ಇಲ್ಲದ ಚಪ್ಪರ ತೋರಿಸಿದ. ಬೋಗುಣಿಯ ಅಂಚಿಗೆ ಅಂಟಿಕೊಂಡು ಸತ್ತಿದ್ದ ಪತಂಗವೊಂದನ್ನು ಅವಳು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಅದರ ಮೂತಿಗೆ ಸೋರೆಹೂವಿನ ಹುಡಿ ಮೆತ್ತಿತ್ತು. ಈ ಹುಡಿಯನ್ನು ಹೂವಿಂದ ಹೂವಿಗೆ ಮುಟ್ಟಿಸುವುದು ಇವೇ, ಅದು ಮುಟ್ಟದೆ ಕಾಯಿ ಕಚ್ಚುವುದಿಲ್ಲ ಎಂದಳು.

“ಹಗಲೆಲ್ಲ ಜೇನು ಓಡಾಡ್ತಿತ್ತಲ್ಲಮ್ಮ?”

“ಹಗಲು ನಿಮ್ಮ ಹೂವು ಬಾಡಿರ್ತದೆ ಬಾವ. ಅದು ಅರಳೋದು ಸಂಜೆ. ಆಗ ಬರೋರನ್ನ ನೀವು ದೀಪ ತೋರಿಸಿ ಕರೆದು ಕೊಂದಿರಿ.”

ರೈತ ಲಾಂದ್ರ ಇಳಿಸಿದ. ಅಷ್ಟರಲ್ಲಿ ಹೂವೂ ಮುಗಿದಿತ್ತು, ಬೀಜವೂ ಮುಗಿದಿತ್ತು. ಬೀಜ ಕಟ್ಟಿಕೊಳ್ಳಲು ತಂದಿದ್ದ ಬಟ್ಟೆಚೂರನ್ನು ನಾದಿನಿ ಹಾಗೇ ಮಡಿಸಿಕೊಂಡು ಹೋದಳು.

ಕತೆ ಮುಗಿದಾಗ ಹೊತ್ತು ಮುಳುಗಿತ್ತು. ಶಾಲೆಯ ಬೀಗದ ಮುಂದೆ ಕ್ವಾರಿಯವರು ಸ್ಲೇಟು ಹಿಡಿದು ನಿಂತಿದ್ದರು. ನಿನ್ನೆಗಿಂತ ಇಂದು ಕಡಿಮೆ ಜನ. ಗುರುಪಾದಯ್ಯ ಸೊಂಟದಲ್ಲಿದ್ದ ಬೀಗದ ಕೈ ಮುಟ್ಟಿಕೊಂಡ.

ಗುರುಗಳು ಹೇಳಿದರು: “ಇವರೂ ಬಾರದಂತಾಗುವ ಮೊದಲು ಎದ್ದು ಬಾಗಿಲು ತೆಗೆ.”