ಏನೂ ಇಲ್ಲದ ನೀರು

"ಮಾಷ್ಟ್ರೇ, ಕಣ್ಣಿಗೇ ಕಾಣದ್ದನ್ನು ಉಳಿಸಿ ಎಂದು ಜನರ ಹತ್ತಿರ ಹೇಗೆ ಹೇಳುವುದು?"

ರುಕ್ಮಯ ಹೀಗೆ ಕೇಳಿದಾಗ ಮಧ್ಯಾಹ್ನ ಮೂರು ಗಂಟೆ. ಪಂಚಾಯತಿಯ ಸಭೆ ಮುಗಿಸಿ ಬಿಸಿಲಲ್ಲಿ ನಡೆದು ಬಂದಿದ್ದ. ಊರಿನ ಹೊರಗೆ ಕೆಂಪು ಮುರಕಲ್ಲಿನ ಬಯಲಿದೆ, ಅದಕ್ಕೆ ಪದವು ಎನ್ನುತ್ತಾರೆ. ಪದವಿನ ನಡುವೆ ಕಲ್ಲು ತಗ್ಗಾದಲ್ಲಿ ಮಳೆನೀರು ನಿಂತು ಒಂದು ಪಳ್ಳವಾಗಿದೆ. ಆ ಪಳ್ಳಕ್ಕೆ ಮಣ್ಣು ತುಂಬಿಸಿ ಆಟದ ಮೈದಾನ ಮಾಡುವುದೆಂದು ಪಂಚಾಯತಿ ಯೋಚಿಸಿತ್ತು. ಬೇಡ, ಆ ನೀರಿನಲ್ಲಿ ಡೆಸ್ಮಿಡ್ ಎಂಬ ಪಾಚಿಗಳಿವೆ, ಬರಿಗಣ್ಣಿಗೆ ಕಾಣುವುದಿಲ್ಲ, ನೂರಕ್ಕೂ ಹೆಚ್ಚು ಬಗೆಯವು ಇವೆ ಎಂದು ರುಕ್ಮಯ ಎದ್ದು ನಿಂತು ಹೇಳಿದ್ದ. ಸಭೆ ನಕ್ಕಿತ್ತು. ತೀರ್ಮಾನ ಮುಂದಿನ ಸೋಮವಾರಕ್ಕೆ ಹೋಗಿತ್ತು.

ಪದ್ಮಯ್ಯ ಮಾಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತರಾದ ಮೇಲೂ ಕೆರೆ ಪಳ್ಳಗಳ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಬಿಟ್ಟಿರಲಿಲ್ಲ. ರುಕ್ಮಯ ನಾಲ್ಕು ವರ್ಷದಿಂದ ಅವರ ಬಳಿ ಆ ವಿದ್ಯೆ ಕಲಿಯುತ್ತಿದ್ದ.

"ನನಗೆ ಸಾಕಾಗಿದೆ. ಸೋಮವಾರ ನಾನು ಹೋಗುವುದಿಲ್ಲ. ಪಳ್ಳ ಇರುವಷ್ಟು ದಿನ ನೋಡುತ್ತೇನೆ, ಚಿತ್ರ ಬರೆದಿಡುತ್ತೇನೆ. ಆಮೇಲೆ ಅವರು ಮಣ್ಣಾದರೂ ಹಾಕಲಿ, ಕಲ್ಲಾದರೂ ಹಾಕಲಿ," ಎಂದ.

ಮಾಷ್ಟ್ರು ನೀರಿನ ಚೊಂಬನ್ನು ಅವನ ಕಡೆ ಸರಿಸಿದರು. ಎಂಬತ್ತರ ಹತ್ತಿರದ ವಯಸ್ಸು. ಈಚೆಗೆ ಮಾತಾಡುವುದೂ ಅವರಿಗೆ ಆಯಾಸದ ಕೆಲಸವಾಗಿತ್ತು.

"ಕೂತುಕೋ. ಮೊದಲು ನೀರು ಕುಡಿ. ಒಂದು ಕತೆ ಉಂಟು. ಎಷ್ಟು ಜನರಿಗೆ ಹೇಳಿದ್ದೇನೋ ಏನೋ, ನನಗೇ ಬೇಜಾರು ಬಂದಿದೆ. ನಡುವೆ ಬಾಯಿ ಹಾಕಬೇಡ, ಮರೆತುಹೋಗುತ್ತದೆ," ಎಂದು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹಲ್ಲುಚಕ್ರ ನೋಡುವುದು ಅವನ ಕಸುಬು. ಒಂದು ಭಾನುವಾರ ಏನೋ ಬೇಸರವಾಗಿ ಪದವಿಗೆ ಹೋದ. ಅಲ್ಲೂ ಹೀಗೇ ಒಂದು ಪಳ್ಳ. ಕೈಗೆ ಸಿಕ್ಕಿದ ನೀರುಹುಲ್ಲನ್ನು ಹಿಂಡಿ, ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ಬಿಟ್ಟು ಮಸೂರದಲ್ಲಿ ನೋಡಿದ. ಹಸಿರು ಚುಕ್ಕೆಗಳು ಕಂಡವು. ಚುಕ್ಕೆಗಳಿಗೆ ಏನೋ ಆಕಾರವಿದ್ದ ಹಾಗಿತ್ತು. ಮಸೂರ ಸಾಲದು ಅನಿಸಿತು. ಹಾಳಾದ ಸೂಕ್ಷ್ಮದರ್ಶಕವೊಂದನ್ನು ಎಲ್ಲಿಂದಲೋ ಹುಡುಕಿ ತಂದು, ತಾನೇ ಸರಿಮಾಡಿಕೊಂಡು, ಮುಂದಿನ ಭಾನುವಾರ ಮತ್ತೆ ಹೋದ. ಅಲ್ಲಿಗೆ ಅವನ ಕತೆ ಮುಗಿಯಿತು ಎನ್ನು. ಮತ್ತೆ ಒಂದು ಭಾನುವಾರವೂ ಅವನು ಮನೆಯಲ್ಲಿ ಇರಲಿಲ್ಲ.

ಆ ಹಸಿರು ಚುಕ್ಕೆಗಳಲ್ಲಿ ಒಂದು ಬಿದಿಗೆಯ ಚಂದ್ರನ ಹಾಗೆ ಇತ್ತು. ಇನ್ನೊಂದು ಡಮರುವಿನ ಹಾಗೆ. ಒಂದಕ್ಕೆ ಮೈಯೆಲ್ಲ ಮುಳ್ಳು. ಒಂದರ ಅಂಚನ್ನು ಯಾರೋ ಕತ್ತರಿಯಿಂದ ಕತ್ತರಿಸಿದ್ದ ಹಾಗೆ. ಎಲ್ಲವೂ ಒಂದೇ ಜೀವಕೋಶದವು. ಎಲ್ಲಕ್ಕೂ ಎರಡು ಪಾಲು, ಎಡದ ಪಾಲು ಹೇಗೋ ಬಲದ ಪಾಲೂ ಹಾಗೆಯೇ. ಹೆಚ್ಚುವ ಹೊತ್ತಿಗೆ ನಡುವಿನಲ್ಲಿ ಬೇರೆಯಾಗುತ್ತವೆ, ಒಂದೊಂದು ಪಾಲೂ ತನಗೆ ಇಲ್ಲದ ಅರ್ಧವನ್ನು ತಾನೇ ಬೆಳೆಸಿಕೊಳ್ಳುತ್ತದೆ. ಚಕ್ರಕ್ಕೆ ಚಕ್ರ ಕೂಡಿಸುತ್ತಲೇ ಬಾಳಿದ ಮನುಷ್ಯ ಅದನ್ನು ನೋಡಿ ಊಟ ಮರೆತು ಕೂತ. ಇಷ್ಟು ಅಚ್ಚುಕಟ್ಟಿನ ಕೆಲಸ ಅವನ ಅಂಗಡಿಗೆ ಒಂದು ದಿನವೂ ಬಂದಿರಲಿಲ್ಲ.

ಯಾರಿಗಾದರೂ ತೋರಿಸಬೇಕು ಅನಿಸಿತು. ಅನಿಸದೆ ಇರುತ್ತದಾ? ಪಕ್ಕದ ಅಂಗಡಿಯ ವ್ಯಾಪಾರಿಯನ್ನು ಕರೆದ. ವ್ಯಾಪಾರಿ ಒಂದು ಕಣ್ಣು ಮುಚ್ಚಿ ನೋಡಿದ.

"ಇದನ್ನು ತಿನ್ನಲಿಕ್ಕೆ ಆಗುತ್ತದಾ?" ಎಂದು ಕೇಳಿದ.

"ಇಲ್ಲ."

"ಮತ್ತೆ ಯಾಕೆ ಮಾರಾಯ ಸುಮ್ಮನೆ ಕಣ್ಣು ಹಾಳುಮಾಡಿಕೊಳ್ಳುತ್ತೀ?" ಎಂದು ವ್ಯಾಪಾರಿ ಅವನ ಬೆನ್ನು ತಟ್ಟಿ ನಗುತ್ತಾ ಹೋದ.

ಸಂಜೆಯೊಳಗೆ ಪೇಟೆಯವರ ಬಾಯಲ್ಲಿ ಗಡಿಯಾರದವನಿಗೆ 'ಪಾಚಿ' ಎಂದು ಹೆಸರು ಬಿತ್ತು. ವ್ಯಾಪಾರಿ ಕೆಟ್ಟವನಲ್ಲ. ಅವನಿಗೆ ಆ ಹೊತ್ತಿಗೆ ಏನು ತೋಚಿತೋ ಅದನ್ನು ಕೇಳಿದ. ಆದರೆ ಇವನಿಗೆ ಅದು ನಾಟಿತು. ಇನ್ನು ಈ ಜನ್ಮದಲ್ಲಿ ಯಾರಿಗೂ ತೋರಿಸುವುದಿಲ್ಲ ಎಂದು ಅವತ್ತೇ ಗಟ್ಟಿಮಾಡಿಕೊಂಡ. ಒಬ್ಬ ಮನುಷ್ಯ ನಕ್ಕದ್ದಕ್ಕೆ ಇಷ್ಟು. ನಮ್ಮಂಥವರಿಗೆ ಅಷ್ಟೇ ಸಾಕಾಗುತ್ತದೆ, ಏನು ಮಾಡುವುದು.

ಮೂವತ್ತು ವರ್ಷ ಪಳ್ಳಕ್ಕೆ ಹೋದ. ಕಂಡದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದ. ನೂರ ಹದಿನಾಲ್ಕು ಬಗೆ ಆಯಿತು. ಕೆಳಗಿನ ದೊಡ್ಡ ಕೆರೆಯಲ್ಲೂ ಹುಡುಕಿದ. ಗದ್ದೆಗೆ ಹಾಕಿದ ಗೊಬ್ಬರವೆಲ್ಲ ಇಳಿದು ಬರುವ ಕೆರೆ ಅದು. ಅಲ್ಲಿ ನಾಲ್ಕು ಬಗೆ ಸಿಗುವುದೇ ಕಷ್ಟವಾಯಿತು. ಯಾಕೆ ಹೀಗೆ ಎನ್ನುವುದು ಅವನಿಗೆ ತಿಳಿಯಲು ತುಂಬ ವರ್ಷ ಹಿಡಿಯಿತು. ಪಳ್ಳಕ್ಕೆ ಮಳೆ ಬಿಟ್ಟರೆ ಬೇರೆ ನೀರಿಲ್ಲ. ಆ ನೀರು ಸ್ವಲ್ಪ ಹುಳಿ. ಅದರಲ್ಲಿ ಸುಣ್ಣ ಇಲ್ಲ, ಗೊಬ್ಬರ ಇಲ್ಲ, ಹೊಟ್ಟೆಗೆ ಅಷ್ಟಕ್ಕಷ್ಟೇ. ಹಾಗಾಗಿ ಯಾವುದಕ್ಕೂ ಕೊಬ್ಬಿ ಬೆಳೆದು ಉಳಿದವನ್ನು ಮುಚ್ಚಿಹಾಕಲು ಆಗುವುದಿಲ್ಲ. ಹುಲ್ಲಿನ ಎಳೆಗಳ ನಡುವೆ ಎಲ್ಲವೂ ಸ್ವಲ್ಪ ಸ್ವಲ್ಪ ತಮ್ಮ ಪಾಡಿಗೆ ಬದುಕುತ್ತವೆ. ಅದೇ ನೀರಿಗೆ ಊಟ ಹಾಕಿದೆಯೋ, ಬಲವಾದ ಒಂದೆರಡು ಪಾಚಿ ತಿಂದು ಬೆಳೆದು ಮೇಲೆಲ್ಲ ಹರಡುತ್ತವೆ, ಕೆಳಗಿದ್ದವು ಬೆಳಕಿಲ್ಲದೆ ಸಾಯುತ್ತವೆ. ಇಡೀ ಪೇಟೆಯಲ್ಲಿ ಇದು ಗೊತ್ತಿದ್ದದ್ದು ಅವನೊಬ್ಬನಿಗೆ.

ಪಳ್ಳದ ಹತ್ತಿರ ಒಬ್ಬ ಹೆಂಗಸಿನ ಮನೆಯಿತ್ತು. ಪದವಿನ ಹುಲ್ಲು ಕೊಯ್ದು ಮಾರಿ ಬದುಕುವವಳು. ವಾರ ವಾರ ಬಂದು ಬಗ್ಗಿ ಕೂರುವ ಮನುಷ್ಯನನ್ನು ಅವಳು ನೋಡುತ್ತಿದ್ದಳು. ಒಂದು ದಿನ ತಲೆಯ ಹೊರೆ ಇಳಿಸಿ, "ಅದರಲ್ಲಿ ಎಂತ ಉಂಟು ಅಣ್ಣಾ?" ಎಂದು ಕೇಳಿದಳು.

"ಏನೂ ಇಲ್ಲ ಅಕ್ಕ. ಬರೀ ನೀರು," ಎಂದ. ಸೀಸೆಯ ಬಿರಡೆ ಹಾಕಿ ಚೀಲದೊಳಗೆ ಇಟ್ಟ.

ಆಮೇಲೂ ಅವಳು ಆಗೊಮ್ಮೆ ಈಗೊಮ್ಮೆ ಕೇಳಿದಳು. ಅವನು ಅದನ್ನೇ ಹೇಳಿದ. ಕೊನೆಗೆ ಅವಳೂ ಕೇಳುವುದನ್ನು ಬಿಟ್ಟಳು.

ಅರುವತ್ತೈದು ದಾಟಿದಾಗ ಅವನ ಕಣ್ಣಿಗೆ ಪೊರೆ ಬಂತು. ಅಂಗಡಿ ಮುಚ್ಚಿದ. ಹೋದರೂ ಕಾಣುವುದಿಲ್ಲವಲ್ಲ ಎಂದು ಪಳ್ಳಕ್ಕೆ ಹೋಗುವುದನ್ನೂ ನಿಲ್ಲಿಸಿದ. ಆಪರೇಶನ್ನಿಗೆ ಹೆದರಿ ಮೂರು ವರ್ಷ ತಳ್ಳಿದ. ಆದರೆ ಅವನ ಪುಸ್ತಕದಲ್ಲಿ ಒಂದು ಪುಟ ಮುಗಿದಿರಲಿಲ್ಲ. ಆ ಒಂದು ಬಗೆಯನ್ನು ಅವನು ನೋಡಿದ್ದು ಒಂದೇ ಸಲ. ಎಡದ ಪಾಲನ್ನು ಬರೆಯುವಷ್ಟರಲ್ಲಿ ಹನಿ ಒಣಗಿಹೋಗಿತ್ತು. ಬಲದ ಪಾಲೂ ಹಾಗೆಯೇ ಇರುತ್ತದೆ ಎಂದು ಗೊತ್ತು, ಆದರೂ ನೋಡದೆ ಬರೆಯುವ ಜಾತಿಯವನಲ್ಲ ಅವನು. ಹಾಸಿಗೆಯಲ್ಲಿ ಮಲಗಿದರೆ ಅದೇ ಪುಟ ಕಣ್ಣಿಗೆ ಕಟ್ಟುತ್ತಿತ್ತು. ಇನ್ನೊಂದು ಸಲ ಅದನ್ನು ನೋಡಿ, ಪುಟ ಮುಗಿಸಿ ಸಾಯಬೇಕು. ಅವನಿಗೆ ಉಳಿದಿದ್ದ ಆಸೆ ಅದೊಂದೇ. ಅದಕ್ಕಾಗಿಯೇ ಧೈರ್ಯಮಾಡಿ ಪೊರೆ ತೆಗೆಸಿಕೊಂಡ.

ಕಣ್ಣು ಚೆನ್ನಾಗಿ ಬಂತು. ಪುಸ್ತಕ, ಸೂಕ್ಷ್ಮದರ್ಶಕ ಹಿಡಿದುಕೊಂಡು ಏದುಸಿರು ಬಿಡುತ್ತಾ ಪದವು ಹತ್ತಿದ. ಪಳ್ಳದ ನೀರು ತಿಳಿಯಾಗಿತ್ತು. ತಳದ ಕಲ್ಲು ಕಾಣುತ್ತಿತ್ತು. ಮೊದಲಿದ್ದ ಹುಲ್ಲು ಇರಲಿಲ್ಲ. ಬೆರಳುದ್ದದ ಮೀನುಗಳು ಗುಂಪುಗುಂಪಾಗಿ ಓಡಾಡುತ್ತಿದ್ದವು. ಹನಿ ತೆಗೆದು ನೋಡಿದ. ಇನ್ನೊಂದು ನೋಡಿದ. ಇಪ್ಪತ್ತು ಹನಿ ನೋಡಿದ. ಹೊಸ ಕಣ್ಣಿನ ಮೇಲೆಯೇ ಅನುಮಾನ ಬಂತು. ಪಾಚಿಗಳ ಖಾಲಿ ಚಿಪ್ಪುಗಳು ಕಂಡವು, ನಡುವಿನಲ್ಲಿ ಮುರಿದವು. ಜೀವ ಇದ್ದದ್ದು ಒಂದೂ ಇರಲಿಲ್ಲ.

"ಏನಾಗಿತ್ತು ಮಾಷ್ಟ್ರೇ?" ಎಂದು ರುಕ್ಮಯ ಕೇಳಿದ.

"ಬಾಯಿ ಹಾಕಬೇಡ ಎಂದೆ," ಎಂದರು ಮಾಷ್ಟ್ರು. ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದರು.

ಅಷ್ಟರಲ್ಲಿ ಆ ಹೆಂಗಸು ಕೋಲೂರಿಕೊಂಡು ಬಂದಳು. ಸೆರಗಿನಲ್ಲಿ ಅಕ್ಕಿ ಇತ್ತು. ಒಂದು ಹಿಡಿ ಮೀನಿಗೆ ಎರಚಿದಳು. ಅವಳಿಗೆ ಹಿಂದೆ ಯಾವಾಗಲೋ ಮೈಯೆಲ್ಲ ಕಜ್ಜಿಯಾಗಿತ್ತು. ದೇವರ ಮೀನಿಗೆ ಅಕ್ಕಿ ಹಾಕುತ್ತೇನೆ ಎಂದು ಹರಕೆ ಹೊತ್ತಿದ್ದಳು, ವಾಸಿಯಾಯಿತು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಹರಕೆ ಇದು. ವರ್ಷ ವರ್ಷ ಹೊಳೆಬದಿಯ ದೇವಸ್ಥಾನಕ್ಕೆ ನಡೆದು ಹೋಗಿ ಹಾಕಿ ಬರುತ್ತಿದ್ದಳು. ಮೊಣಕಾಲು ಹಿಡಿದುಕೊಂಡ ಮೇಲೆ ಅಲ್ಲಿಗೆ ಹೋಗಲು ಆಗಲಿಲ್ಲ. ಹರಕೆ ತಪ್ಪಬಾರದು. ಹೊಳೆಯಿಂದ ಏಳು ಮೀನು ಕೊಡದಲ್ಲಿ ತರಿಸಿ ಪಳ್ಳಕ್ಕೆ ಬಿಟ್ಟಳು. ದಿನಾ ಒಂದು ಹಿಡಿ ಅಕ್ಕಿ ಹಾಕಿದಳು. ಮೀನು ಹೆಚ್ಚಾದವು. ಮರುವರ್ಷಕ್ಕೆ ನೀರು ಹಸಿರು ಬಣ್ಣ ಕಲಸಿದಂತಾಗಿ ನಾರತೊಡಗಿತು. ಅವಳಿಗೆ ಸಂಕಟವಾಯಿತು. ಮನೆಯ ಬಾವಿಗೆ ಮಾಡುವ ಹಾಗೆ ಎರಡು ಬುಟ್ಟಿ ಸುಣ್ಣ ಹಾಕಿಸಿ, ಒಳಗಿನ ಹುಲ್ಲು ಕೀಳಿಸಿ, ಚೊಕ್ಕಮಾಡಿಸಿದಳು. ಕೆಲವು ಮೀನು ಸತ್ತವು, ಉಳಿದವು ಮತ್ತೆ ಹೆಚ್ಚಾದವು. ಅವಳು ಮಾಡಿದ್ದು ಇಷ್ಟು.

ಗಡಿಯಾರದವನು ಕೂಗಾಡಿದ. ಜೀವಮಾನದಲ್ಲಿ ಯಾರ ಮೇಲೂ ಸ್ವರ ಎತ್ತದವನು ಆ ಮುದುಕಿಯನ್ನು ಬಾಯಿಗೆ ಬಂದ ಹಾಗೆ ಬೈದ. ಅಕ್ಕಿ ಹಾಕಿ, ಸುಣ್ಣ ಹಾಕಿ ನನ್ನ ಮೂವತ್ತು ವರ್ಷ ಕೊಂದುಬಿಟ್ಟೆ ಎಂದ. ಪುಸ್ತಕವನ್ನು ಬಿಡಿಸಿ ಅವಳ ಮುಂದೆ ಹಿಡಿದ. ಅವಳಿಗೆ ಓದು ಬರುತ್ತಿರಲಿಲ್ಲ. ಕಲ್ಲಿನ ಮೇಲೆ ಕೂತು ಒಂದೊಂದೇ ಹಾಳೆ ಮಗುಚಿ ಚಿತ್ರ ನೋಡಿದಳು. ಎಲ್ಲ ಹಾಳೆ ಮುಗಿಸಿ ತಲೆಯೆತ್ತಿದಳು.

"ಇಷ್ಟೆಲ್ಲ ಈ ನೀರಿನಲ್ಲಿ ಇದ್ದವಾ?" ಎಂದು ಕೇಳಿದಳು.

"ಇದ್ದವು."

"ಏನೂ ಇಲ್ಲ ಎಂದು ನೀವೇ ಹೇಳಿದ್ದಲ್ಲವಾ ಅಣ್ಣಾ? ಪಾಪ, ಖಾಲಿ ನೀರು ಎಂದೇ ನಾನು ಮೀನು ಬಿಟ್ಟದ್ದು. ಮೀನಿಗೆ ದಿನಾ ಒಂದು ಹಿಡಿ ಹಾಕಲಿಕ್ಕೆ ಗೊತ್ತಿದ್ದವಳಿಗೆ, ಇವಕ್ಕೆ ಹಾಕದೆ ಇರಲಿಕ್ಕೆ ಬರುತ್ತಿರಲಿಲ್ಲವಾ?"

ಹೇಳಿ ಅವಳು ಅತ್ತಳು. ಅವನಿಗೂ ಅಳು ಬಂತು, ಆದರೆ ಅವಳ ಮುಂದೆ ಅಳಲು ಮುಖ ಇರಲಿಲ್ಲ. ಮೂವತ್ತು ವರ್ಷದಲ್ಲಿ ನೂರಾರು ಸಲ ಅವಳು ಅವನ ಬೆನ್ನ ಹಿಂದೆ ಹಾದುಹೋಗಿದ್ದಳು. ಒಂದು ಸಲ, ಬಾ ಅಕ್ಕ, ಬಗ್ಗಿ ನೋಡು ಎಂದು ಕರೆದಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತು? ಎರಡು ನಿಮಿಷ.

ಆಮೇಲೆ ಇಬ್ಬರೂ ಸೇರಿ ಮಾಡಬೇಕಾದ್ದನ್ನು ಮಾಡಿದರು. ಮೀನುಗಳನ್ನು ಹಿಡಿಸಿ ಹೊಳೆಗೆ ಬಿಟ್ಟರು. ಕೆಸರು ತೆಗೆಸಿದರು. ಆಚೆಯ ಪದವಿನ ಪಳ್ಳದಿಂದ ಹುಲ್ಲು ತಂದು ಹಾಕಿದರು. ಮಳೆಗಾಲ ಮಳೆಗಾಲ ಸುಣ್ಣವೆಲ್ಲ ಮಳೆನೀರಿಗೆ ತೊಳೆದು ಹೋಗುವುದನ್ನು ಕಾದರು. ಆರು ಮಳೆಗಾಲ ಕಳೆದ ಮೇಲೆ ಒಂಬತ್ತು ಬಗೆ ಬಂದವು. ಅವನಿಗೆ ಬೇಕಾಗಿದ್ದದ್ದು ಬರಲಿಲ್ಲ. ಏಳನೆಯ ಮಳೆಗಾಲಕ್ಕೆ ಅವನು ಇರಲಿಲ್ಲ. ಅವನು ಹೋದ ಮೇಲೂ ಆ ಹೆಂಗಸು ಪಳ್ಳದ ಬಳಿ ಬಂದವರನ್ನೆಲ್ಲ ನಿಲ್ಲಿಸಿ, ಇದರಲ್ಲಿ ಏನೇನು ಇತ್ತು ಗೊತ್ತಾ ಎಂದು ಹೇಳುತ್ತಿದ್ದಳಂತೆ. ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ.

ಮಾಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಬೆನ್ನನ್ನು ಗೋಡೆಗೆ ಒರಗಿಸಿ ಕಣ್ಣು ಮುಚ್ಚಿದರು. ರುಕ್ಮಯನಿಗೆ ಕತೆ ತನ್ನ ಮೇಲೆಯೇ ಹೇಳಿದ್ದು ಎಂದು ತಿಳಿದಿತ್ತು, ಒಪ್ಪಲು ಮನಸ್ಸಿರಲಿಲ್ಲ.

"ನಾನು ಅವನ ಹಾಗೆ ಮುಚ್ಚಿಟ್ಟಿಲ್ಲವಲ್ಲ ಮಾಷ್ಟ್ರೇ. ಅಷ್ಟು ಜನರ ಎದುರು ನಿಂತು ಅರ್ಧ ಗಂಟೆ ಹೇಳಿದೆ. ಅವರು ನಂಬಲಿಲ್ಲ, ನಕ್ಕರು. ಇದರಲ್ಲಿ ನನ್ನ ತಪ್ಪು ಏನು?" ಎಂದ.

ಮಾಷ್ಟ್ರು ಕಣ್ಣು ತೆರೆಯದೆ ಕೇಳಿದರು:

"ಸಭೆಗೆ ನೀನು ಒಂದು ಹನಿ ನೀರು ತಗೊಂಡು ಹೋಗಿದ್ದೆಯಾ ಮಾರಾಯ, ಬರೀ ಬಾಯಿ ತಗೊಂಡು ಹೋಗಿದ್ದೆಯಾ?"