ಎರಡು ಬೆರಳಿನಷ್ಟು ಜಾಗ

ಮಲಪ್ರಭೆ ದಂಡೆಯ ಮಠದಲ್ಲಿ ಅವತ್ತು ಬೆಳಿಗ್ಗೆ ಗದ್ದಲವೋ ಗದ್ದಲ. ಮಠದ ಶಾಲೆಯ ಹುಡುಗಿಯರು ಮೊದಲ ಸಲ ತಾಲ್ಲೂಕು ಕಬಡ್ಡಿ ಫೈನಲ್ ಮುಟ್ಟಿದ್ದರು! ಹತ್ತು ಗಂಟೆಗೆ ಮೈದಾನದಲ್ಲಿ ಇರದಿದ್ದರೆ ಆಡದೆಯೇ ಸೋತ ಹಾಗೆ.

ಏಳೂ ಜನ ಮಠದ ಹಳೇ ಕಾರಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದರು. ಶಿಷ್ಯ ಕಲ್ಮೇಶ ಕೀ ತಿರುವಿದ.

ಟಕ್.

ಮತ್ತೆ ತಿರುವಿದ. ಮತ್ತೆ ಟಕ್. ಅಷ್ಟೇ!

“ಅಜ್ಜಾರ, ಬ್ಯಾಟರಿ ಹೋತ್ರೀ!” ಎಂದು ಕೂಗಿಕೊಂಡ.

ಗುರು ನಿರ್ವಾಣಜ್ಜ ಮಠಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ಗಾಡಿಗಳ ವೈರಿಂಗ್ ಕೆಲಸ ಮಾಡಿದವರು. ಚಹಾದ ಲೋಟ ಹಿಡಿದೇ ಶೆಡ್ಡಿಗೆ ಬಂದರು.

“ಹೋತು ಅಂತ ಯಾರು ಹೇಳಿದ್ರು? ಹೆಡ್‌ಲೈಟ್ ಹಚ್ಚು.”

ಹಚ್ಚಿದ. ಶೆಡ್ಡಿನ ಗೋಡೆ ಝಗ್ಗನೆ ಬೆಳಗಿತು.

“ಈಗ ಕೀ ತಿರುವು. ಕಣ್ಣು ಗೋಡೆ ಮ್ಯಾಲಿರಲಿ.”

ಟಕ್. ಬೆಳಕು ಒಂಚೂರೂ ಮಂಕಾಗಲಿಲ್ಲ.

“ಸತ್ತ ಬ್ಯಾಟರಿ ಹಿಂಗ ಬೆಳಗತೈತೇನು?”

“ಹಂಗಾರ ಎಂಜಿನ್ ತಿರುಗಿಸೋ ಸ್ಟಾರ್ಟರ್ ಸುಟ್ಟಿರಬೇಕ್ರಿ! ಬಿಚ್ಚಲೇನ್ರಿ? ಒಂದು ತಾಸಿನ ಕೆಲಸ.”

“ಅಯ್ಯಯ್ಯೋ!” ಕಾರಿನೊಳಗಿಂದ ಏಳು ಬಾಯಿ ಒಟ್ಟಿಗೆ.

ಕ್ಯಾಪ್ಟನ್ ದ್ಯಾಮವ್ವ ಕಿಟಕಿಯಿಂದ ತಲೆ ಹೊರಹಾಕಿದಳು. “ಕಲ್ಮೇಶಣ್ಣಾ, ಒಂಬತ್ತು ಹೊಡದು ಎಷ್ಟೊತ್ತಾತು! ಇಳದು ನೂಕೂಣೇನು?”

“ಮುಂದ ಬರೇ ಏರು ಐತಿ,” ಎಂದರು ಅಜ್ಜ. “ಇಲ್ಲೇ ಸುಸ್ತಾದ್ರ ಅಲ್ಲಿ ಆಡೋರು ಯಾರವಾ?”

ಆಮೇಲೆ ಶಿಷ್ಯನ ಕಡೆ ತಿರುಗಿದರು. “ಮೊನ್ನಿ ಚಾಲೂ ಆಗಿತ್ತು. ಇವತ್ತು ಆಗವಲ್ದು. ನಡುವ ಮುಟ್ಟಿದವರು ಯಾರು?”

“ಯಾರೂ ಇಲ್ರಿ. ನಾ ಒಬ್ಬನ... ನಿನ್ನೆ ಬಾನೆಟ್ ಒಳಗ ಬಣ್ಣ ಬಳದೆ. ಫೈನಲ್‌ಗೆ ಹೊಂಟೈತಿ, ಚೆಂದ ಕಾಣ್ಲಿ ಅಂತ. ಮೂರು ಕೋಟ್ ರೀ!”

ಅಜ್ಜ ಬಾನೆಟ್ ಎತ್ತಿದರು. ಒಳಗೆಲ್ಲ ಆಕಾಶನೀಲಿ ಥಳಥಳ. ಎಂಜಿನ್ನಿನಿಂದ ಕಾರಿನ ಮೈಗೆ ಬೋಲ್ಟ್ ಹಾಕಿದ್ದ ದಪ್ಪ ಪಟ್ಟಿಯ ಮೇಲೆ ಬೆರಳಿಟ್ಟರು.

“ಇದನ್ನ ಬಿಚ್ಚಿದ್ದೇನು?”

“ಹೂಂ ರೀ. ಬಿಚ್ಚಿ, ಅದರ ಕೆಳಗೂ ಬಳದು, ಮತ್ತ ಬಿಗದೀನಿ. ಒಂದು ಮೂಲೀನೂ ಬಿಟ್ಟಿಲ್ಲ!”

“ಸ್ಟಾರ್ಟರಿಗೆ ಹೋದ ಕರೆಂಟು ಈ ದಾರೀಲೇ ಬ್ಯಾಟರಿಗೆ ತಿರುಗಿ ಬರಬೇಕು. ಬಣ್ಣ ದಾಟಿ ಅದು ಹೆಂಗ ಬರತೈತಿ?”

ಕಲ್ಮೇಶನ ಮುಖ ಇಳಿದುಹೋಯಿತು. ಅಜ್ಜ ಅಡುಗೆಮನೆಯ ಹಳೇ ಚಾಕು ತರಿಸಿ ಅವನ ಕೈಗೇ ಕೊಟ್ಟರು.

“ಕೆರಿ.”

“ಇಷ್ಟು ಚೆಂದ ಬಳದೀನ್ರೀ...”

ಅಜ್ಜ ಚಹಾ ಕುಡಿದರು. ಕಾರಿನೊಳಗಿಂದ ದ್ಯಾಮವ್ವ “ಅಣ್ಣಾ!” ಎಂದಳು. ಅವಳ ದನಿಯಲ್ಲಿ ಅಳು ಬಂದಿತ್ತು.

ಕಲ್ಮೇಶ ಪಟ್ಟಿ ಬಿಚ್ಚಿ ಪರಪರ ಕೆರೆದ. ನೀಲಿ ಪುಡಿ ಉದುರಿತು, ಎರಡು ಬೆರಳಿನಷ್ಟು ಬರಿ ಕಬ್ಬಿಣ ಮಿಂಚಿತು. ಬೋಲ್ಟ್ ಬಿಗಿದ. ಓಡಿಹೋಗಿ ಕೀ ತಿರುವಿದ.

ಘರ್ರ್... ಘರ್ರ್... ಬುರ್ರ್ರ್!

ಅಬ್ಬಬ್ಬಾ, ಹುಡುಗಿಯರ ಕಿರುಚಾಟಕ್ಕೆ ಶೆಡ್ಡಿನ ಪಾರಿವಾಳಗಳೆಲ್ಲ ಹಾರಿಹೋದವು! ಹತ್ತಕ್ಕೆ ಐದು ನಿಮಿಷ ಇರುವಾಗ ಕಾರು ಮೈದಾನ ಮುಟ್ಟಿತು.

ಸಂಜೆ ಹಾರ್ನ್ ಹೊಡೆಯುತ್ತಾ ಬಂದರು. ದ್ಯಾಮವ್ವನ ತೊಡೆಯ ಮೇಲೆ ಗೆದ್ದ ಟ್ರೋಫಿ; ಕೂಗಿ ಕೂಗಿ ಅವಳ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಕಲ್ಮೇಶ ಇಳಿದವನೇ ಬಣ್ಣದ ಡಬ್ಬಿ ತಂದ.

“ಅಜ್ಜಾರ, ಪಟ್ಟಿ ಬಿಚ್ಚೂದಿಲ್ರಿ. ಆದ್ರ ಸುತ್ತಲೂ ಕೆರದದ್ದು ಗಾಯ ಆದಂಗ ಕಾಣತೈತಿ. ಒಂದು ಕೈ ಬಳದು ಮುಚ್ಚಿಬಿಡ್ಲೇನ್ರಿ?”

“ಬ್ಯಾಡೋ. ಇವತ್ತು ಹುಡುಗ್ಯಾರನ್ನ ಮೈದಾನಕ್ಕ ಮುಟ್ಟಿಸಿದ್ದು ಅಷ್ಟ ಜಾಗ.”